ಮೂರು ಚುಕ್ಕೆಯ ಡಿಸ್ಕ್

ನಾನು ನಿಂತಿದ್ದದ್ದು ಲೋಹ ಕೆತ್ತುವ ಲೇತಿನ ಎಡಗಡೆ, ತುಂಡನ್ನು ಹಿಡಿದು ತಿರುಗಿಸುವ ಚಕ್ಕಿನಿಂದ ಎರಡು ಹೆಜ್ಜೆ ದೂರ. ಶೆಡ್ಡಿನ ಬಾಗಿಲು ನನ್ನ ಬೆನ್ನಿಗಿತ್ತು. ಬುಧವಾರ, ಬೆಳಿಗ್ಗೆ ಒಂಬತ್ತು ಇಪ್ಪತ್ತು. ನಿಮಿಷ ಹೇಳುತ್ತಿರುವುದು ಅಂದಾಜಿನಿಂದಲ್ಲ. ಎದುರು ಗೋಡೆಯಲ್ಲಿ ಗಡಿಯಾರವಿತ್ತು, ಅವಸರದಲ್ಲಿದ್ದ ನಾನು ಮತ್ತೆ ಮತ್ತೆ ಅದನ್ನೇ ನೋಡುತ್ತಿದ್ದೆ. ಲೇತಿನ ಮೇಸ್ತ್ರಿ ಮಷೀನು ನಿಲ್ಲಿಸಿದರು. ಚಕ್ಕಿನಲ್ಲಿದ್ದ ಕಾರಿನ ಬ್ರೇಕ್ ಡಿಸ್ಕನ್ನು ದಪ್ಪ ಅಳೆಯುವ ಮೈಕ್ರೋಮೀಟರಿನಿಂದ ನಾಲ್ಕು ಕಡೆ ಹಿಡಿದು ನೋಡಿ, ತಮ್ಮ ಅಭ್ಯಾಸದಂತೆ ಶೆಡ್ಡಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಓದಿದರು.

"ಇಪ್ಪತ್ತು ಪಾಯಿಂಟ್ ಆರು."

ಆ ಡಿಸ್ಕಿನ ಅಂಚಿನಲ್ಲಿ, ಅದನ್ನು ಎರಕ ಹೊಯ್ದವರೇ ಅಚ್ಚೊತ್ತಿದ ಸಂಖ್ಯೆ ಇಪ್ಪತ್ತೆರಡು. ಇಪ್ಪತ್ತೆರಡು ಮಿಲಿಮೀಟರಿಗಿಂತ ತೆಳುವಾದರೆ ಅದನ್ನು ಗುಜರಿಗೆ ಹಾಕಬೇಕು, ಗಾಡಿಗೆ ಹಾಕಬಾರದು. ಇದು ಮೇಸ್ತ್ರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಮೇಸ್ತ್ರಿ ಯಾರನ್ನೂ ಕೇಳದೆ ಜಾಸ್ತಿ ಕೆತ್ತಿದರು, ಅದರಿಂದಲೇ ಫ್ಲೈಓವರ್ ಹತ್ತಿರ ಆ ಕ್ಯಾಬ್ ಅಪಘಾತವಾಯಿತು ಎಂದು ನಮ್ಮ ಓಣಿಯಲ್ಲಿ ಇವತ್ತಿಗೂ ಹೇಳುತ್ತಾರೆ. ಹಾಗಾಗಲಿಲ್ಲ. ಹೇಗಾಯಿತು ಎಂದು ಮೊದಲಿನಿಂದ ಬರೆಯುತ್ತೇನೆ.

ಓಣಿ ಇರುವುದು ನಾಗಸಂದ್ರ ಮೆಟ್ರೋ ಸ್ಟೇಷನ್ನಿನ ಹಿಂದೆ, ಸರ್ವಿಸ್ ರಸ್ತೆಯಿಂದ ಒಳಕ್ಕೆ. ಹಿಂದೆ ಅದು ರಾಗಿ ಹೊಲ. ಹೊಲದವರೇ ಶೀಟು ಹೊದಿಸಿ ಶೆಡ್ಡುಗಳನ್ನು ಕಟ್ಟಿಸಿದರು. ನಾನು ಮೆಕ್ಯಾನಿಕ್ ಆಗಿದ್ದ ಗ್ಯಾರೇಜು, ಅದರ ಎದುರಿನ ಲೇತ್ ಶೆಡ್ಡು ಎರಡೂ ಒಬ್ಬರವೇ. ಗ್ಯಾರೇಜನ್ನು ಮಾಲೀಕರೇ ನಡೆಸುತ್ತಿದ್ದರು. ಲೇತಿನ ಶೆಡ್ಡನ್ನು ಮೇಸ್ತ್ರಿಗೆ ಬಾಡಿಗೆಗೆ ಕೊಟ್ಟಿದ್ದರು.

ಕಾರ್ಖಾನೆಗಳೇ ತುಂಬಿದ ಪೀಣ್ಯದ ಸುತ್ತಮುತ್ತಲ ಗ್ಯಾರೇಜುಗಳಿಗೆ ಒಂದು ಅನುಕೂಲವಿದೆ, ಅದೇ ಒಂದು ರೋಗವೂ ಹೌದು. ಕೂಗಿದರೆ ಕೇಳುವ ದೂರದಲ್ಲಿ ಒಂದು ಲೇತ್ ಇರುತ್ತದೆ. ಬೇರೆ ಊರಿನ ಮೆಕ್ಯಾನಿಕ್ ಕೂತು ಯೋಚಿಸುವ ಕಡೆ ನಾವು ಯೋಚಿಸುವುದಿಲ್ಲ, ಬಿಚ್ಚಿ ಲೇತಿಗೆ ಕಳಿಸುತ್ತೇವೆ. "ಒಂದು ಕಟ್ ಹೊಡೆಸು, ಸರಿಹೋಗುತ್ತೆ" ಎನ್ನುವುದು ನಮ್ಮಲ್ಲಿ ತಲೆನೋವಿಗೆ ಮಾತ್ರೆ ಹೇಳಿದ ಹಾಗೆ.

ಮೇಸ್ತ್ರಿ ಮಾಕಳಿಯವರು. ಅರವತ್ತು ದಾಟಿತ್ತು. ಅವರದೊಂದು ಪದ್ಧತಿ ಇತ್ತು. ಬೇರೆ ಯಾವ ಲೇತಿನವರೂ ಅದನ್ನು ಮಾಡುವುದನ್ನು ನಾನು ನೋಡಿಲ್ಲ. ಒಂದು ಡಿಸ್ಕನ್ನು ಕೆತ್ತಿದ ಪ್ರತಿ ಸಲವೂ ಅದರ ನಡುವಿನ ಟೋಪಿಯಂಥ ಭಾಗದ ಮೇಲೆ ಪಂಚ್ ಇಟ್ಟು ಸುತ್ತಿಗೆಯಿಂದ ಒಂದು ಚುಕ್ಕೆ ಹೊಡೆಯುತ್ತಿದ್ದರು. ಒಂದು ಸಲಕ್ಕೆ ಒಂದು ಚುಕ್ಕೆ. ಪಕ್ಕದಲ್ಲಿ, ಎಷ್ಟು ದಪ್ಪ ಉಳಿದಿದೆ ಎಂದು ಚಾಕ್‌ಪೀಸಿನಲ್ಲಿ ಬರೆಯುತ್ತಿದ್ದರು. ಯಾಕೆ ಎಂದು ನಾನೊಮ್ಮೆ ಕೇಳಿದ್ದೆ. "ನಾಳೆ ಇದು ಯಾವನ ಕೈಗೆ ಓಗ್ತದೋ. ಎಷ್ಟು ಸಲ ತಿಂದವ್ರೆ ಅಂತ ಅವನಿಗೆ ಗೊತ್ತಾಗ್ಬೇಕಲ್ಲ" ಎಂದಿದ್ದರು.

ಆ ಗಾಡಿ ಏಳು ಸೀಟಿನ ಕ್ಯಾಬ್. ಡ್ರೈವರ್ ರಾಯಚೂರು ಕಡೆಯವನು, ಮಾಕಳಿಯಲ್ಲಿ ರೂಮು ಮಾಡಿಕೊಂಡು ಹೆಂಡತಿಯ ಜೊತೆ ಇದ್ದ. ನಮ್ಮ ಕಡೆಯಿಂದ ವೈಟ್‌ಫೀಲ್ಡಿನ ಒಂದು ಆಫೀಸಿಗೆ ಸಿಬ್ಬಂದಿಯನ್ನು ಕರೆದೊಯ್ದು ಕರೆತರುವುದು ಅವನ ಕೆಲಸ. ದಿನಕ್ಕೆ ಇನ್ನೂರು ಇನ್ನೂರೈವತ್ತು ಕಿಲೋಮೀಟರ್ ಓಡುತ್ತಿತ್ತು. ಮೊದಲ ಸಲ ಬಂದಾಗ ಇಂಜಿನ್ ಆಫ್ ಮಾಡುವ ಮೊದಲೇ ಮಾತು ಶುರುಮಾಡಿದ.

"ಅಣ್ಣಾರ, ಫ್ಲೈಓವರ್ ಇಳಿಯೋ ಮುಂದ ಬ್ರೇಕ್ ಒತ್ತಿದ್ನೆಂದ್ರ ಸ್ಟೇರಿಂಗ್ ಕೈಯಾಗ ನಿಲ್ಲವಲ್ದು. ಹಿಂದ ಕುಂತ ಮೇಡಮ್ಮಾರು ಮೊಬೈಲ್ ಕೆಳಗ ಇಟ್ಟು ನನ್ನ ಮಾರಿ ನೋಡ್ತಾರ."

"ಅವರು ನಿನ್ನ ಮುಖ ನೋಡೋದು ಒಳ್ಳೇದೇ ಅಲ್ವೇನಪ್ಪ" ಎಂದೆ.

"ನಗೂ ಮಾತಲ್ರಿ ಅಣ್ಣಾರ. ಅಂಜಿ ನೋಡ್ತಾರ."

ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ತುಮಕೂರು ರಸ್ತೆಯಲ್ಲಿ ನಾನೇ ಓಡಿಸಿದೆ. ನಲವತ್ತರ ವೇಗದಲ್ಲಿ ಏನೂ ಇಲ್ಲ. ಎಂಬತ್ತಕ್ಕೆ ಹೋಗಿ ಬ್ರೇಕನ್ನು ಮೆಲ್ಲಗೆ ಒತ್ತಿದರೆ ಸ್ಟೀರಿಂಗ್ ಎಡಕ್ಕೂ ಬಲಕ್ಕೂ ತಟತಟ ಆಡಿತು, ಪೆಡಲ್ ಪಾದದ ಕೆಳಗೆ ನಾಡಿಯಂತೆ ಹೊಡೆದುಕೊಂಡಿತು. ಖಾಲಿ ರಸ್ತೆ ಸಿಕ್ಕಾಗ ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿ ಹಿಡಿದು ನಿಧಾನವಾಗಿ ಎಳೆದೆ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಗಾಡಿ ನಡುಗಲಿಲ್ಲ. ಹಾಗಾದರೆ ದೋಷ ಮುಂದಿದೆ. ಇಲ್ಲಿಯವರೆಗೆ ನಾನು ಮಾಡಿದ್ದೆಲ್ಲ ಸರಿಯಾಗಿತ್ತು.

ಗ್ಯಾರೇಜಿಗೆ ಬಂದು ಮುಂದಿನ ಚಕ್ರಗಳನ್ನು ಬಿಚ್ಚಿದೆವು. ಡಿಸ್ಕಿನ ಹತ್ತಿರಕ್ಕೆ ಒಂದು ಸ್ಕ್ರೂಡ್ರೈವರ್ ತುದಿ ಅಲ್ಲಾಡದಂತೆ ಹಿಡಿದು, ಡಿಸ್ಕನ್ನು ಕೈಯಲ್ಲಿ ತಿರುಗಿಸಿದೆ. ಬಲಗಡೆ ಸಂದು ಒಂದೇ ಸಮ. ಎಡಗಡೆ ಪ್ರತಿ ಸುತ್ತಿನಲ್ಲೂ ಒಂದು ಸಲ ಸಂದು ಹಿಗ್ಗಿ ಕುಗ್ಗಿತು. ಎಡಗಡೆಯ ಡಿಸ್ಕ್ ಸೊಟ್ಟ ಎಂದು ತೀರ್ಮಾನಿಸಿದೆ. ಎರಡನ್ನೂ ಬಿಚ್ಚಿ ಹೊತ್ತುಕೊಂಡು ಎದುರು ಶೆಡ್ಡಿಗೆ ಹೋದೆ.

ಮೇಸ್ತ್ರಿ ಎಡಗಡೆಯದನ್ನು ಚಕ್ಕಿಗೆ ಕಟ್ಟಿ, ಅದರ ಮೇಲೆ ಸೊಟ್ಟ ಅಳೆಯುವ ಡಯಲ್ ಗೇಜಿನ ಮೊನೆ ಇಟ್ಟು ಕೈಯಲ್ಲೇ ತಿರುಗಿಸಿದರು. ಡಯಲಿನಲ್ಲಿ ಒಂದು ಗೆರೆ ಎಂದರೆ ಮಿಲಿಮೀಟರಿನ ನೂರರಲ್ಲೊಂದು ಭಾಗ. ಮುಳ್ಳು ಮೂರು ಗೆರೆ ಆಡಿತು. ದಪ್ಪ ಅಳೆದರು. ಇಪ್ಪತ್ಮೂರೂವರೆ. ಆಮೇಲೆ ಅಳತೆಯನ್ನು ಬೇರೆ ಬೇರೆ ಕಡೆ ತೆಗೆದರು. ಒಂದು ಜಾಗದಲ್ಲಿ ಎರಡು ಗೆರೆ ತೆಳು.

"ಇಲ್ಲಿ ಇದು ಸರ್ಯಾಗೇ ತಿರುಗ್ತದೆ ಗುರು" ಎಂದರು. "ತೆಳು ಆಗಿರೋದು ನಿಜ. ಆದ್ರೆ ಸೊಟ್ಟ ಅಲ್ಲ. ಗಾಡೀಲಿ ಸೊಟ್ಟ ತಿರುಗ್ತದೆ ಅಂದ್ರೆ ಅದು ಕೂತಿರೋ ಜಾಗ ನೋಡ್ಬೇಕು. ಹಬ್ಬಿನ ಮೇಲೆ ಡಯಲ್ ಮಡಗಿ ನೋಡ್ದಾ?"

ಹಬ್ ಎಂದರೆ ಚಕ್ರವೂ ಡಿಸ್ಕೂ ಕೂರುವ ಉಕ್ಕಿನ ಪೀಠ. ನಮ್ಮ ಗ್ಯಾರೇಜಿನಲ್ಲಿ ಡಯಲ್ ಗೇಜ್ ಇರಲಿಲ್ಲ. ಇಲ್ಲ ಎಂದು ಹೇಳಬಹುದಿತ್ತು; ಅವರದನ್ನೇ ಕೇಳಿದ್ದರೂ ಕೊಡುತ್ತಿದ್ದರು. ಆದರೆ ಹತ್ತೊಂಬತ್ತು ವರ್ಷ ಕಾರು ಬಿಚ್ಚಿದ ನನಗೆ ಲೇತಿನವರು ಕಾರಿನ ವಿಷಯ ಹೇಳಿಕೊಡುವುದು ಹಿಡಿಸಲಿಲ್ಲ.

"ಅಣ್ಣ, ನೀವು ಕೆತ್ತಿ ಕೊಡಿ. ಗಾಡಿ ನಾನು ನೋಡ್ಕೋತೀನಿ."

ಅವರು ಕೆತ್ತುವ ಟೂಲನ್ನು ಡಿಸ್ಕಿಗೆ ತಂದರು. ಇಪ್ಪತ್ತೆರಡು ಪಾಯಿಂಟ್ ಒಂಬತ್ತಕ್ಕೆ ಎರಡೂ ಮುಖ ಸ್ವಚ್ಛವಾದವು. ಮೊದಲ ಚುಕ್ಕೆ.

ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಪ್ಯಾಡುಗಳನ್ನು ಹೊಸದು ಹಾಕಿ ಓಡಿಸಿದರೆ ನಡುಕ ಹೋಗಿತ್ತು. ಡ್ರೈವರ್ ಮರುದಿನ ಬಾಳೆಹಣ್ಣಿನ ಒಂದು ಚಿಪ್ಪು ತಂದುಕೊಟ್ಟ. ಮೇಸ್ತ್ರಿಗೆ ನಾಲ್ಕು ಹಣ್ಣು ಕೊಡುವಾಗ "ನೋಡಿ, ಹಬ್ಬೂ ಬೇಡ ಡಯಲೂ ಬೇಡ" ಎಂದೆ. ಅವರು ಹಣ್ಣು ಸುಲಿಯುತ್ತಾ "ಇನ್ನ ಹದಿನೈದು ದಿನ ಓಗ್ಲಿ" ಎಂದರು.

ಹದಿನೇಳನೆಯ ದಿನ ಗಾಡಿ ವಾಪಸು ಬಂತು. ಅದೇ ನಡುಕ, ಅದೇ ವೇಗದಲ್ಲಿ. ಬಿಚ್ಚಿ ನೋಡಿದರೆ ಮತ್ತೆ ಎಡಗಡೆಯದೇ. ಇಲ್ಲಿ ನಾನು ನಿಲ್ಲಬೇಕಿತ್ತು. ಕೆಟ್ಟದ್ದು ಡಿಸ್ಕೇ ಆಗಿದ್ದರೆ, ಕೆತ್ತಿ ಸಮ ಮಾಡಿದ ಮೇಲೆ ಅದೇ ಚಕ್ರದಲ್ಲಿ ಅದೇ ರೀತಿ ಮತ್ತೆ ಯಾಕೆ ಕೆಡಬೇಕು? ಎಡಗಡೆಯದನ್ನು ಬಲಗಡೆಗೆ, ಬಲಗಡೆಯದನ್ನು ಎಡಗಡೆಗೆ ಹಾಕಿ ನೋಡಿದ್ದರೆ, ದೋಷ ಡಿಸ್ಕಿನದೋ ಅದು ಕೂರುವ ಜಾಗದ್ದೋ ಎಂದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತಿತ್ತು. ನಾನು ಅದನ್ನು ಮಾಡುವ ಬದಲು ಡ್ರೈವರನ್ನು ಬೈದೆ. ಅವನು ದಿನಾ ಬೆಳಿಗ್ಗೆ ಗಾಡಿಗೆ ಪೈಪು ಹಿಡಿದು ನೀರು ಹೊಡೆಯುತ್ತಿದ್ದ, ಚಕ್ರಗಳಿಗೆ ಜಾಸ್ತಿಯೇ.

"ಬಿಸಿ ಡಿಸ್ಕಿಗೆ ನೀರು ಹೊಡೆದ್ರೆ ಸೊಟ್ಟ ಆಗದೆ ಇನ್ನೇನಾಗುತ್ತೆ?"

"ಬಿಸಿ ಎಲ್ಲೈತ್ರಿ ಅಣ್ಣಾರ, ರಾತ್ರಿಯೆಲ್ಲ ನಿಂತ ಗಾಡಿ. ಮುಂಜಾನೆ ಎದ್ದು ತೊಳಿತೀನಿ, ದೇವರ ಫೋಟೋಕ್ಕ ಹೂ ಹಾಕ್ತೀನಿ, ಹೊಂಡ್ತೀನಿ."

ಅವನ ಮಾತು ನಿಜವಾಗಿತ್ತು. ನಾನು ಕೇಳಿಸಿಕೊಳ್ಳಲಿಲ್ಲ. ಎರಡನೆಯ ಸಲ ಕೆತ್ತಿಸಿದೆ. ಇಪ್ಪತ್ತೆರಡು ಪಾಯಿಂಟ್ ಮೂರು. ಎರಡನೆಯ ಚುಕ್ಕೆ. ಡಿಸ್ಕನ್ನು ನನ್ನ ಕೈಗೆ ಕೊಡುವಾಗ ಮೇಸ್ತ್ರಿ ಅಂಚಿನ ಅಚ್ಚಿನ ಮೇಲೆ ಹೆಬ್ಬೆರಳು ಇಟ್ಟು ತೋರಿಸಿದರು, ಅಷ್ಟೇ.

ಮೂರು ವಾರ ಬಿಟ್ಟು, ಆ ಬುಧವಾರ, ಎಂಟೂವರೆಗೆ ಗಾಡಿ ಮೂರನೆಯ ಸಲ ಬಂದು ನಿಂತಿತು. ಈ ಸಲ ಡ್ರೈವರ್ ಇಳಿಯಲೇ ಇಲ್ಲ, ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದ. ಗಾಡಿ ನಡುಗುತ್ತದೆ ಎಂದು ಆಫೀಸಿನವರು ಎರಡು ಸಲ ದೂರು ಕೊಟ್ಟಿದ್ದರು. ಮೂರನೆಯದು ಬಂದರೆ ಗಾಡಿಯನ್ನು ಅವರ ಪಟ್ಟಿಯಿಂದ ತೆಗೆಯುತ್ತಾರೆ. ಹನ್ನೊಂದೂವರೆಗೆ ಟ್ರಿಪ್ ಇತ್ತು. ಹೋಗದಿದ್ದರೂ ದೂರು, ನಡುಗಿದರೂ ದೂರು.

"ಹೆಂಗರ ಮಾಡಿ ಕೊಡ್ರಿ ಅಣ್ಣಾರ. ಹೊಸಾದು ಹಾಕ್ತೀರೇನು, ಹಾಕ್ರಿ. ನನಗ ಹನ್ನೊಂದೂವರಿಗೆ ಗಾಡಿ ಬೇಕು."

ಹೊಸ ಡಿಸ್ಕಿಗೆ ಫೋನ್ ಮಾಡಿದೆ. ಶುಕ್ರವಾರ, ಇಲ್ಲದಿದ್ದರೆ ಶನಿವಾರ ಬರುತ್ತದೆ ಎಂದರು. ತರಿಸಿ ಎಂದೆ. ಮಾಲೀಕರು ಸಂಬಂಧಿಕರ ನಾಮಕರಣಕ್ಕೆ ಆನೇಕಲ್‌ಗೆ ಹೋಗಿದ್ದರು. ಆ ದಿನ ಗ್ಯಾರೇಜಿನಲ್ಲಿ ಹೌದು, ಅಲ್ಲ ಎನ್ನಬೇಕಾದವನು ನಾನೊಬ್ಬನೇ. ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ಆ ಕಾರಣಕ್ಕೆ. ಒತ್ತಡ ಇತ್ತು, ಆದರೆ ಯಾರ ಅಪ್ಪಣೆಯೂ ಇರಲಿಲ್ಲ.

ಡಿಸ್ಕ್ ಬಿಚ್ಚಿಕೊಂಡು ಹೋದೆ. ಮೇಲ್ಮೈಯಲ್ಲಿ ಈ ಸಲ ಕಾಸಿನಗಲದ ನೀಲಿ ಕಲೆಗಳಿದ್ದವು. ಅತಿ ಬಿಸಿಯಾಗಿ ಲೋಹ ಅಲ್ಲಲ್ಲಿ ಗಟ್ಟಿಯಾದ ಗುರುತು. ಮೇಸ್ತ್ರಿ ಇಪ್ಪತ್ತೆರಡರವರೆಗೆ ಕೆತ್ತಿ ಮಷೀನು ನಿಲ್ಲಿಸಿದರು. ಒಂಬತ್ತು ಗಂಟೆಯ ಸೈರನ್ ಹಿಂದಿನ ಫ್ಯಾಕ್ಟರಿಯಲ್ಲಿ ಆಗಷ್ಟೇ ಕೂಗಿತ್ತು. ಟೀ ಅಕ್ಕ ಬಾಗಿಲಲ್ಲಿ ಫ್ಲಾಸ್ಕ್ ಇಟ್ಟು ಲೋಟಗಳಿಗೆ ಬಗ್ಗಿಸುತ್ತಿದ್ದಳು. ನಮ್ಮ ಓಣಿಯ ಎಲ್ಲ ಶೆಡ್ಡುಗಳಿಗೂ ಅವಳೇ ಟೀ ಕೊಡುವುದು.

"ಇಲ್ಲಿಗೆ ಇಪ್ಪತ್ತೆರಡು" ಎಂದರು ಮೇಸ್ತ್ರಿ. "ಕಲೆ ಇನ್ನೂ ಅವೆ. ಇನ್ನ ತೆಗೆಯೋ ಅಂಗಿಲ್ಲ. ಸಾಕು."

"ಇಷ್ಟಕ್ಕೇ ಹಾಕಿದ್ರೆ ವೈಬ್ರೇಷನ್ ಹೋಗುತ್ತಾ?"

"ಓಗಲ್ಲ. ಕಲೆ ಇರೋ ತನಕ ಓಗಲ್ಲ."

"ಹಾಗಾದ್ರೆ ಕಲೆ ಹೋಗೋ ತನಕ ಕೆತ್ತಿ."

ಅವರು ಕನ್ನಡಕ ತೆಗೆದು ಬನಿಯನ್ನಿನಲ್ಲಿ ಒರೆಸಿಕೊಂಡರು. ಟೀ ಅಕ್ಕ ನಕ್ಕಳು. "ಏನಣ್ಣ ಇದು, ತಿಂಗಳಿಗೊಂದ್ಸಲ ಇದೇ ತಟ್ಟೆ ತಂದು ಕೆರೆಸ್ತೀರ! ಇನ್ನೊಂದ್ ಸಲ ಆದ್ಮೇಲೆ ನನಗೆ ಕೊಟ್ಬಿಡಿ, ದೋಸೆ ಹಂಚು ಮಾಡ್ಕೋತೀನಿ."

"ನಿಂಗಾದ್ರೂ ಗೊತ್ತಾಗ್ತದೆ ನೋಡವ್ವ" ಎಂದು ಮೇಸ್ತ್ರಿ ಅವಳಿಗೆ ಹೇಳಿ ನನ್ನ ಕಡೆ ತಿರುಗಿದರು. "ಗುರು, ಜನ ಕೂರೋ ಗಾಡಿ ಇದು. ಕೆತ್ತೋಕೆ ನಂಗೆ ಕಾಲು ಗಂಟೆ. ಆದ್ರೆ ಇದನ್ನ ಹಾಕಬಾರ್ದು."

"ಮೂರೇ ದಿನ ಅಣ್ಣ. ಶನಿವಾರ ಹೊಸದು ಬರುತ್ತೆ, ಇದನ್ನ ನಾನೇ ಬಿಚ್ಚಿ ಬಿಸಾಕ್ತೀನಿ. ನನ್ನ ಜವಾಬ್ದಾರಿ. ಕೆತ್ತಿ."

ನನ್ನ ಜವಾಬ್ದಾರಿ ಎಂಬ ಮಾತನ್ನು ನಾನು ಹೇಳಿದ್ದು ಹೀಗೆ, ಇಷ್ಟೇ ಗಟ್ಟಿಯಾಗಿ. ಅವರು ಕೆತ್ತಿದರು. ಟೀ ಅಕ್ಕ ಉಳಿದ ಶೆಡ್ಡುಗಳಿಗೆ ಟೀ ಕೊಟ್ಟು ಖಾಲಿ ಲೋಟಗಳಿಗೆ ವಾಪಸು ಬಂದು ಬಾಗಿಲಲ್ಲಿ ನಿಂತಾಗ ಒಂಬತ್ತು ಇಪ್ಪತ್ತು. ನಾನು ಆರಂಭದಲ್ಲಿ ಬರೆದ ಆ ಸಂಖ್ಯೆಯನ್ನು ಅವರು ಓದಿದ್ದು ಆಗಲೇ. ಮೂರನೆಯ ಚುಕ್ಕೆ ಹೊಡೆದು, ಅದರ ಪಕ್ಕ ಚಾಕ್‌ಪೀಸಿನಲ್ಲಿ 20.6 ಎಂದು ಬರೆದು, ಕೆಳಗೆ ದೊಡ್ಡದಾಗಿ "ಹಾಕಬೇಡಿ" ಎಂದು ಬರೆದರು.

ಡಿಸ್ಕನ್ನು ಗಾಡಿಗೆ ಹಾಕುವ ಮೊದಲು ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಲೇತಿನ ಎಣ್ಣೆ ಉಳಿದರೆ ಪ್ಯಾಡ್ ಹಾಳಾಗುತ್ತದೆ. ಒರೆಸಬೇಕಾದದ್ದು ಪ್ಯಾಡ್ ಉಜ್ಜುವ ಎರಡು ಮುಖಗಳನ್ನು. ಟೋಪಿಯ ಭಾಗವನ್ನು ಒರೆಸುವ ಅಗತ್ಯವಿಲ್ಲ, ನಾನು ಹಿಂದಿನ ಎರಡು ಸಲ ಒರೆಸಿರಲೂ ಇಲ್ಲ. ಈ ಸಲ ಮೊದಲು ಅದನ್ನೇ ಒರೆಸಿದೆ. ಡ್ರೈವರ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಅವನು ಬಗ್ಗಿ ನೋಡುವಷ್ಟರಲ್ಲಿ ಅಕ್ಷರಗಳು ಅರ್ಧ ಅಳಿಸಿದ್ದವು.

"ಅದೇನ್ ಬರದಾರ್ರಿ ಅದರ ಮ್ಯಾಲ?"

"ಲೇತಿನವರದ್ದು ಏನೋ ಗುರುತು" ಎಂದೆ.

ಗಾಡಿ ಹತ್ತೂಮುಕ್ಕಾಲಿಗೆ ತಯಾರಾಯಿತು. ಓಡಿಸಿ ನೋಡಿದೆ. ಎಂಬತ್ತರಲ್ಲೂ ಸ್ಟೀರಿಂಗ್ ಕೈಯಲ್ಲಿ ಕಲ್ಲಿನಂತೆ ನಿಂತಿತ್ತು. "ಶನಿವಾರ ಹೊಸದು ಬರುತ್ತೆ, ಭಾನುವಾರ ಬಂದು ಹಾಕಿಸ್ಕೊ. ಅಲ್ಲಿ ತನಕ ಸ್ವಲ್ಪ ನಿಧಾನ" ಎಂದು ಹೇಳಿ ಕಳಿಸಿದೆ. ನಿಧಾನ ಎಂದು ನಾವು ಎಲ್ಲ ಡ್ರೈವರುಗಳಿಗೂ ಹೇಳುತ್ತೇವೆ, ಮನೆಗೆ ಬಂದವರಿಗೆ ಹೋಗಿ ಬನ್ನಿ ಎನ್ನುವ ಹಾಗೆ. ಯಾಕೆ ನಿಧಾನ ಎಂದು ನಾನು ಹೇಳಲಿಲ್ಲ.

ಶನಿವಾರ ಮಧ್ಯಾಹ್ನ ಹೊಸ ಡಿಸ್ಕುಗಳು ಬಂದವು. ಪೆಟ್ಟಿಗೆಯನ್ನು ರ‍್ಯಾಕಿನ ಮೇಲೆ ಇಟ್ಟೆ. ಭಾನುವಾರ ಬೆಳಿಗ್ಗೆ ಡ್ರೈವರ್ ಫೋನ್ ಮಾಡಿದ.

"ಅಣ್ಣಾರ, ಇವತ್ತ ಡ್ಯೂಟಿ ಹಾಕ್ಯಾರ. ಬ್ರೇಕ್ ಬೆಣ್ಣಿ ಆಗ್ಯದ, ಏನೂ ತ್ರಾಸಿಲ್ಲ. ಮುಂದಿನ ಐತಾರ ಬಂದ್ರ ನಡೀತದೇನ್ರಿ?"

ನಾನು ಆಗ ರ‍್ಯಾಕಿನ ಎದುರೇ ನಿಂತಿದ್ದೆ. ಪೆಟ್ಟಿಗೆ ಕಣ್ಣ ಮುಂದೆ ಇತ್ತು. ನಡೆಯುವುದಿಲ್ಲ ಎಂದರೆ ಯಾಕೆ ಎಂದು ಅವನು ಕೇಳುತ್ತಿದ್ದ. ಬುಧವಾರ ಹೇಳದೆ ಮುಚ್ಚಿಟ್ಟದ್ದನ್ನು ಭಾನುವಾರ ಹೇಳಬೇಕಾಗುತ್ತಿತ್ತು.

"ನಡೀತದೆ" ಎಂದೆ.

ಮಂಗಳವಾರ ಮಧ್ಯಾಹ್ನ ಹನ್ನೆರಡಕ್ಕೆ ಸ್ವಲ್ಪ ಮೊದಲು, ಆ ಕ್ಯಾಬ್ ಅಪಘಾತವಾಗಿದೆ ಎಂದು ಫೋನ್ ಬಂತು. ಬೈಕಿನಲ್ಲಿ ಹೋದೆ. ಫ್ಲೈಓವರ್ ಇಳಿಯುವ ಕಡೆ ಮುಂದಿನ ಲಾರಿ ನಿಧಾನ ಮಾಡಿದ್ದಕ್ಕೆ ಇವನು ಬ್ರೇಕ್ ಒತ್ತಿದ್ದಾನೆ. ಎಡಗಡೆಯ ಡಿಸ್ಕ್ ಬಿರಿದು, ಮುರಿದ ಚೂರು ಬ್ರೇಕಿನ ಬಾಯಲ್ಲಿ ಸಿಕ್ಕಿಕೊಂಡು ಚಕ್ರ ಹಿಡಿದುಬಿಟ್ಟಿದೆ. ಗಾಡಿ ಎಡಕ್ಕೆ ಎಳೆದುಕೊಂಡು ತಡೆಗೋಡೆಗೆ ಹೊಡೆದು, ಅಲ್ಲಿಂದ ಚಿಮ್ಮಿ, ಬಲಮೂತಿ ಡಿವೈಡರಿಗೆ ಅಪ್ಪಳಿಸಿತ್ತು. ಯಾರೂ ಸಾಯಲಿಲ್ಲ. ಹಿಂದೆ ಕೂತಿದ್ದ ಒಬ್ಬ ಹುಡುಗಿಯ ಹೆಗಲ ಮೂಳೆ ಮುರಿದಿತ್ತು. ಡ್ರೈವರನ ಬಲಪಾದ ಪೆಡಲುಗಳ ನಡುವೆ ನಜ್ಜುಗುಜ್ಜಾಗಿತ್ತು. ನಾನು ತಲುಪುವಷ್ಟರಲ್ಲಿ ಅವರನ್ನು ಆಸ್ಪತ್ರೆಗೆ ಒಯ್ದಿದ್ದರು. ಅವನ ಒಂದು ಚಪ್ಪಲಿ ಮಾತ್ರ ಗಾಡಿಯೊಳಗೆ ಉಳಿದಿತ್ತು.

ಮೂರು ದಿನ ಬಿಟ್ಟು ಕ್ಯಾಬ್ ಕಂಪನಿಯ ಮ್ಯಾನೇಜರ್ ಗ್ಯಾರೇಜಿಗೆ ಬಂದ. ಮುರಿದ ಡಿಸ್ಕನ್ನು ಮಾಲೀಕರು ಮೇಜಿನ ಮೇಲೆ ಹಳೆ ಪೇಪರ್ ಹಾಸಿ ಇಟ್ಟಿದ್ದರು. ಎದುರು ಶೆಡ್ಡಿನಿಂದ ಮೇಸ್ತ್ರಿಯನ್ನು ಕರೆಸಿದ್ದರು. ಅವರು ಬಾಗಿಲ ಒಳಗೆ, ಗೋಡೆ ಪಕ್ಕ ನಿಂತಿದ್ದರು. ಕೂರಿ ಎಂದು ಯಾರೂ ಹೇಳಲಿಲ್ಲ.

"ನೋಡಿ ಸಾರ್" ಎಂದರು ಮಾಲೀಕರು. "ಈ ಚುಕ್ಕೆ ಇವ್ರೇ ಒಡ್ದಿರೋದು. ಒಂದು, ಎರಡು, ಮೂರು. ಮೂರ್ ಸಲ ಕೆತ್ತವ್ರೆ. ಉಳಿದಿರೋದು ಇಪ್ಪತ್ತೂವರೆ. ಲಿಮಿಟ್ ಇಪ್ಪತ್ತೆರಡು ಅಂತ ಇಲ್ಲೇ ಬರ್ದೈತೆ." ಆಮೇಲೆ ನನ್ನ ಕಡೆ ತಿರುಗಿದರು. "ಯಾರು ಕೆತ್ತಿದ್ದು ಅಂತ ನೀವೇ ಹೇಳಿ."

ಪ್ರಶ್ನೆ ಅಷ್ಟೇ ಇತ್ತು. ಯಾರು ಕೆತ್ತಿದ್ದು. ಯಾರು ಕೆತ್ತಿಸಿದ್ದು ಎಂದು ಅವರು ಕೇಳಲಿಲ್ಲ. ಅವರಿಗೆ ಗೊತ್ತಿಲ್ಲದೆ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ. ಮ್ಯಾನೇಜರ್ ಪೆನ್ನು ತೆಗೆದಿದ್ದ. ಅವನಿಗೆ ವರದಿಯಲ್ಲಿ ಒಂದು ಸಾಲು ಬೇಕಿತ್ತು.

"ಕೆತ್ತಿದ್ದು ಅವರೇ ಸಾರ್" ಎಂದೆ.

ಈ ವಾಕ್ಯದಲ್ಲಿ ಸುಳ್ಳಿಲ್ಲ. ಎಷ್ಟೋ ಸಲ ಇದನ್ನು ತಿರುಗಿಸಿ ನೋಡಿದ್ದೇನೆ. ಒಂದು ಅಕ್ಷರವೂ ಸುಳ್ಳಲ್ಲ.

ಮೇಸ್ತ್ರಿ ಮೇಜಿನ ಹತ್ತಿರ ಬಂದು ಡಿಸ್ಕನ್ನು ಎತ್ತಿ, ಮೂರು ಚುಕ್ಕೆಗಳ ಮೇಲೆ ಹೆಬ್ಬೆರಳು ಆಡಿಸಿದರು. ಅವುಗಳ ಪಕ್ಕದ ಖಾಲಿ ಜಾಗವನ್ನು ಬೆಳಕಿಗೆ ಹಿಡಿದು ನೋಡಿದರು.

"ಇಲ್ಲಿ ಚಾಕ್‌ಪೀಸಲ್ಲಿ ಬರ್ದಿದ್ದೆ. ಯಾರು ಒರ್ಸಿದ್ದು?"

ಮಾಲೀಕರು "ಚಾಕ್ ಗೀಕ್ ಎಲ್ಲೈತೆ ಇಲ್ಲಿ?" ಎಂದರು. ಮ್ಯಾನೇಜರ್ ಬರೆಯುತ್ತಿದ್ದ. ಮೇಸ್ತ್ರಿ ಕೇಳಿದ್ದು ನನ್ನನ್ನು. ನಾನು ಡಿಸ್ಕನ್ನು ನೋಡುತ್ತಾ ನಿಂತೆ. ಅವರು ಅದನ್ನು ಪೇಪರಿನ ಮೇಲೆ ಸದ್ದಾಗದ ಹಾಗೆ ಇಟ್ಟು ಹೊರಗೆ ಹೋದರು.

ಒಂದೂವರೆ ತಿಂಗಳ ನಂತರ ಗಾಡಿ ರಿಪೇರಿಗೆ ನಮ್ಮಲ್ಲಿಗೇ ಬಂತು. ಎಡಗಡೆಯ ಹಬ್ಬನ್ನು ಅವತ್ತು ಮೊದಲ ಸಲ ಟಾರ್ಚ್ ಹಿಡಿದು ನೋಡಿದೆ. ಒಂದು ಕಡೆ, ಬೋಲ್ಟಿನ ರಂಧ್ರದ ಪಕ್ಕ, ಹುರುಳಿಕಾಳಿನಗಲದ ತುಕ್ಕಿನ ಹಕ್ಕಳೆ ಗಟ್ಟಿಯಾಗಿ ಅಂಟಿತ್ತು. ಕಾಗದದಷ್ಟು ದಪ್ಪ. ಡಿಸ್ಕ್ ಒತ್ತಿ ಒತ್ತಿ ಅದರ ಮೇಲ್ಭಾಗ ನುಣುಪಾಗಿ ಹೊಳೆಯುತ್ತಿತ್ತು.

ಖಚಿತ ಮಾಡಿಕೊಳ್ಳಲು ಡಯಲ್ ಬೇಕಿತ್ತು. ಎದುರು ಶೆಡ್ಡಿಗೆ ಹೋಗಿ ಬಾಗಿಲಲ್ಲಿ ನಿಂತೆ. ಡಯಲ್ ಬೇಕಿತ್ತು ಎಂದೆ. ಮೇಸ್ತ್ರಿ ಅದರ ಮರದ ಪೆಟ್ಟಿಗೆಯನ್ನು ತೆಗೆದು ಕೈಗೆ ಕೊಟ್ಟರು. "ಡಿಸ್ಕ್ ಕೂರ್ಸಿ ನಾಲ್ಕೂ ನಟ್ ಒಂದೇ ಸಮ ಬಿಗಿ ಮಾಡಿ ಆಮೇಲೆ ನೋಡು. ಇಲ್ದಿದ್ರೆ ಡಯಲ್ ಸುಳ್ಳು ಯೋಳ್ತದೆ."

ಹಬ್ಬನ್ನು ಇದ್ದ ಹಾಗೇ ಬಿಟ್ಟು ಹೊಸ ಡಿಸ್ಕ್ ಕೂರಿಸಿದೆ. ಬಿಗಿ ಮಾಡಿದೆ, ತಿರುಗಿಸಿದೆ. ಹದಿನಾಲ್ಕು ಗೆರೆ. ಹಬ್ ಅಪಘಾತದಲ್ಲಿ ಬಾಗಿರಬಹುದಲ್ಲ ಎಂದು ಒಂದು ಆಸೆ ಬಂತು. ಡಿಸ್ಕ್ ತೆಗೆದು, ಹಕ್ಕಳೆಯನ್ನು ಉಳಿಯ ತುದಿಯಿಂದ ಎಬ್ಬಿಸಿ, ವೈರ್ ಬ್ರಷ್ಷಿನಿಂದಲೂ ಎಮರಿ ಪೇಪರಿನಿಂದಲೂ ಲೋಹ ಕಾಣುವ ತನಕ ಉಜ್ಜಿ ಅದೇ ಡಿಸ್ಕನ್ನು ಮತ್ತೆ ಕೂರಿಸಿದೆ. ಮೂರು ಗೆರೆ. ಹಬ್ ಬಾಗಿದ್ದರೆ ಮೂರಕ್ಕೆ ಇಳಿಯುತ್ತಿರಲಿಲ್ಲ. ಕೆಲಸ ಇಪ್ಪತ್ತು ನಿಮಿಷ ಹಿಡಿಯಿತು.

ಪೂರ್ತಿ ಲೆಕ್ಕ ಆಗ ಅರ್ಥವಾಯಿತು. ಮೇಸ್ತ್ರಿ ಪ್ರತಿ ಸಲವೂ ಸರಿಯಾಗಿ ಕೆತ್ತಿದ್ದರು. ನಾನು ಸರಿಯಾದ ಡಿಸ್ಕನ್ನು ತಂದು ಆ ಹಕ್ಕಳೆಯ ಮೇಲೆ ಓರೆಯಾಗಿ ಕೂರಿಸುತ್ತಿದ್ದೆ. ಓರೆಯಾಗಿ ತಿರುಗುವ ಡಿಸ್ಕು ಪ್ಯಾಡಿಗೆ ಒಂದೇ ಕಡೆ ಉಜ್ಜಿ ಉಜ್ಜಿ ನಾಲ್ಕೈದು ಸಾವಿರ ಕಿಲೋಮೀಟರಿನಲ್ಲಿ ಅಲ್ಲಿ ತೆಳುವಾಗುತ್ತದೆ. ಆಗ ನಡುಕ ಶುರು. ದಿನಕ್ಕೆ ಇನ್ನೂರೈವತ್ತು ಓಡುವ ಗಾಡಿಗೆ ಅದು ಹದಿನೇಳು ದಿನ.

ಸಂಜೆ ನಾಲ್ಕಕ್ಕೆ ಪೆಟ್ಟಿಗೆ ವಾಪಸು ಕೊಡಲು ಹೋದೆ. "ಹಬ್ಬಲ್ಲೇ ಇತ್ತು ಅಣ್ಣ" ಎಂದೆ.

"ಮೊದ್ಲ ದಿನಾನೇ ಕೇಳಿದ್ನಲ್ಲ ಗುರು." ಪೆಟ್ಟಿಗೆ ತೆರೆದು ಡಯಲನ್ನು ಒರೆಸಿ ಒಳಗಿಟ್ಟರು. "ಅವ್ರಿಗೆ ಯೋಳ್ತೀಯಾ?"

"ಹೇಳ್ತೀನಿ."

ಹೇಳಲಿಲ್ಲ. ಮರುದಿನ ಹೇಳೋಣ ಎಂದುಕೊಂಡೆ. ಮಾಲೀಕರ ಮೂಡ್ ನೋಡಿ ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ಓಣಿಯ ಬೇರೆ ಗ್ಯಾರೇಜಿನವರು ಡಿಸ್ಕು, ಡ್ರಮ್ಮುಗಳನ್ನು ಬೇರೆ ಲೇತಿಗೆ ಕಳಿಸತೊಡಗಿದ್ದರು. "ಆ ಚುಕ್ಕೆ ತಾತನ ಹತ್ರ ಬೇಡ ಮಗಾ, ಕೆತ್ತಿ ಕೆತ್ತಿ ಪೇಪರ್ ಮಾಡ್ತಾನೆ" ಎಂದು ಒಬ್ಬ ಹೇಳಿ ನಗುವುದನ್ನು ನಾನೇ ಕೇಳಿದೆ. ನಾನೂ ನಕ್ಕೆನೋ ಇಲ್ಲವೋ ನೆನಪಿಲ್ಲ. ಸುಮ್ಮನಿದ್ದೆ ಎಂಬುದು ನೆನಪಿದೆ. ಯುಗಾದಿ ಕಳೆದ ಮೇಲೆ ಶೆಡ್ಡು ಖಾಲಿ ಮಾಡಿ ಎಂದು ಮಾಲೀಕರು ಹೇಳಿದರು. ಲೇತನ್ನು ಟ್ರಾಲಿಗೆ ಏರಿಸಲು ಆರು ಜನ ಬೇಕಾಯಿತು. ನಾನೂ ಕೈ ಹಾಕಿದೆ. "ಸಾಕು, ಬಿಡು ಗುರು" ಎಂದು ಅವರು ನನ್ನ ಕೈಯನ್ನು ಸರಿಸಿದರು.

ಆಮೇಲೆ ಅವರು ಮಾಕಳಿಯ ಒಂದು ಫ್ಯಾಕ್ಟರಿಯಲ್ಲಿ ಕಂಪ್ಯೂಟರ್ ಮಷೀನಿಗೆ ಕಬ್ಬಿಣದ ತುಂಡು ಇಟ್ಟು ತೆಗೆಯುವ ಕೆಲಸಕ್ಕೆ ಸೇರಿದರು. ಅಳತೆಯನ್ನು ಅಲ್ಲಿ ಮಷೀನೇ ನೋಡಿಕೊಳ್ಳುತ್ತದೆ. ಎರಡು ವರ್ಷ ಅಲ್ಲಿ ದುಡಿದರು. ಹೋದ ವರ್ಷ ಎದೆನೋವಿನಿಂದ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಅಲ್ಲಿ ಕೂಡ ಯಾರೋ ಪಕ್ಕದವರಿಗೆ ಹೇಳುತ್ತಿದ್ದರು, ಫ್ಲೈಓವರ್ ಹತ್ತಿರ ಅಪಘಾತವಾದ ಕ್ಯಾಬಿನ ಡಿಸ್ಕ್ ಇವರೇ ಕೆತ್ತಿದ್ದಂತೆ ಎಂದು.

ಆದ್ದರಿಂದ ಕಂಡವರು ಯಾರು ಎಂದು ಬರೆದು ಮುಗಿಸುತ್ತೇನೆ. ಇಪ್ಪತ್ತೆರಡಕ್ಕೆ ಮಷೀನು ನಿಲ್ಲಿಸಿ ಸಾಕು ಎಂದವರು ಮೇಸ್ತ್ರಿ, ನನ್ನ ಜವಾಬ್ದಾರಿ, ಕೆತ್ತಿ ಎಂದವನು ನಾನು. ಅದನ್ನು ಬಾಗಿಲಲ್ಲಿ ನಿಂತು ಕೇಳಿದವಳು ಟೀ ಅಕ್ಕ. ಈಗಲೂ ಒಂಬತ್ತರ ಸೈರನ್ ಕೂಗಿದಾಗ ಫ್ಲಾಸ್ಕ್ ಹಿಡಿದು ಅದೇ ಓಣಿಗೆ ಬರುತ್ತಾಳೆ. ಡಿಸ್ಕಿನ ಮೇಲಿನ ಬರಹವನ್ನು ನಾನು ಒರೆಸಿದ್ದನ್ನು ಕಂಡವನು ಡ್ರೈವರ್. ಕುಂಟುತ್ತಾನೆ, ಗಾಡಿ ಓಡಿಸುವುದಿಲ್ಲ, ಮಾಕಳಿಯ ಒಂದು ಗೋಡೌನಿನ ಗೇಟಿನಲ್ಲಿ ಕೂತಿರುತ್ತಾನೆ. ಒಬ್ಬರಿಗೆ ಅರ್ಧ ಗೊತ್ತು, ಇನ್ನೊಬ್ಬರಿಗೆ ಉಳಿದರ್ಧ. ಇಬ್ಬರೂ ಬದುಕಿದ್ದಾರೆ. ಇಬ್ಬರನ್ನೂ ಇದುವರೆಗೆ ಯಾರೂ ಏನೂ ಕೇಳಿಲ್ಲ.